ಉಸಿರಿಗಾಗಿ ಕಾದ ಗೀತೆ

ಪ್ರಸಿದ್ಧವಾದ ಗೀತೆಯೊಂದನ್ನು ಮತ್ತೊಬ್ಬರ ಕಂಠದಲ್ಲಿ ಕೇಳುವಾಗ ನಾವು ನಮಗರಿವಿಲ್ಲದೆಯೇ ತಕ್ಕಡಿ ಹಿಡಿದು ಕುಳಿತಿರುತ್ತೇವೆ. ಒಂದು ತಟ್ಟೆಯಲ್ಲಿ ಹೆಸರಾಂತ ಗಾಯಕನ ಸ್ವರ, ಮತ್ತೊಂದರಲ್ಲಿ ಎದುರಿಗೆ ನಿಂತವನ ಸ್ವರ. ಹೆಚ್ಚಿನ ವೇಳೆ ಎದುರಿಗಿರುವವನೇ ಸೋಲುತ್ತಾನೆ. ಆದರೆ ಅಪರೂಪಕ್ಕೊಮ್ಮೆ ತಕ್ಕಡಿಯೇ ಕೈಜಾರುವ ಗಳಿಗೆ ಒದಗಿಬರುತ್ತದೆ. 2018ರ ಡಿಸೆಂಬರ್ ತಿಂಗಳ ಒಂದು ಸಂಜೆ, ಕೋಲಾರ ಚಿನ್ನದ ಗಣಿ ಪ್ರದೇಶದ ದೇವಾಲಯವೊಂದರ ಅಂಗಳದಲ್ಲಿ ನಾವು ಅಂತಹ ಗಳಿಗೆಗೆ ಸಾಕ್ಷಿಯಾದೆವು. ಹಾಡಿದ್ದು ‘ಸೈಲೆಂಟ್ ನೈಟ್’. ಆ ಕ್ರಿಸ್ತಜಯಂತಿಗೆ ಅದು ಇನ್ನೂರು ವರ್ಷ ತುಂಬಿದ ಗೀತೆ.

ಈ ಗೀತೆಯ ಹುಟ್ಟನ್ನು ಒಮ್ಮೆ ನೆನೆಯುವುದು ಉಚಿತ. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ಬಳಿಯ ಒಬರ್ನ್‌ಡಾರ್ಫ್ ಎಂಬುದು ಸಾಲ್ಜಾಖ್ ನದಿಯ ದಡದ ಸಣ್ಣ ಊರು. ದೋಣಿಗಳಲ್ಲಿ ಉಪ್ಪು ಸಾಗಿಸುವುದೇ ಅಲ್ಲಿನವರ ಜೀವನೋಪಾಯವಾಗಿತ್ತು. ನೆಪೋಲಿಯನ್‌ನ ಯುದ್ಧಗಳು ಮುಗಿದ ಮೇಲೆ, 1816ರಲ್ಲಿ, ನದಿಯನ್ನೇ ಎರಡು ರಾಜ್ಯಗಳ ಗಡಿಯಾಗಿಸಲಾಯಿತು. ಒಂದೇ ಆಗಿದ್ದ ಪಟ್ಟಣ ಎರಡಾಯಿತು, ದೋಣಿಯವರ ದುಡಿಮೆ ಕುಗ್ಗಿತು. ಅದೇ ವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬಾರದೆ ಬೆಳೆ ಹಾಳಾಗಿ ಹಸಿವು ಹರಡಿತು. ಆ ವರ್ಷವೇ ಜೋಸೆಫ್ ಮೋರ್ ಎಂಬ ಯುವ ಗುರುಗಳು ಈ ಗೀತೆಯ ಪದಗಳನ್ನು ಬರೆದರು. ಎರಡು ವರ್ಷಗಳ ನಂತರ ಅವರು ಒಬರ್ನ್‌ಡಾರ್ಫ್‌ನ ಸಂತ ನಿಕೋಲಾಸರ ದೇವಾಲಯದಲ್ಲಿ ಸಹಾಯಕ ಗುರುಗಳಾಗಿದ್ದಾಗ, ನೆರೆಯೂರಿನ ಶಾಲಾ ಉಪಾಧ್ಯಾಯ ಫ್ರಾನ್ಸ್ ಗ್ರೂಬರ್ ಅದಕ್ಕೆ ರಾಗ ಕೂಡಿಸಿದರು. 1818ರ ಡಿಸೆಂಬರ್ 24ರ ರಾತ್ರಿ ಇಬ್ಬರೂ ಕೂಡಿ ಹಾಡಿದರು. ಮೋರ್ ಅವರ ಕೈಯಲ್ಲಿ ಒಂದು ಗಿಟಾರ್ ಇತ್ತು. ಇಲಿಗಳು ಆರ್ಗನ್ ಕೆಡಿಸಿದ್ದರಿಂದ ಗಿಟಾರ್ ಬಂತೆಂಬ ಕಥೆ ಪ್ರಚಲಿತವಾಗಿದೆ. ಅದಕ್ಕೆ ಆಧಾರ ದೊರೆತಿಲ್ಲ. ಲತೀನ್ ಪೂಜೆಯ ಆ ಕಾಲದಲ್ಲಿ ಜನರ ಭಾಷೆಯಲ್ಲಿ, ಜನರ ವಾದ್ಯದೊಡನೆ ಹಾಡಿದ ಗೀತೆ ಇದೆಂಬುದಷ್ಟೇ ಸಾಕು.

ಹಾಡು ಊರಿಂದೂರಿಗೆ ಹೋಯಿತು, ಹಾಡು ಕಟ್ಟಿದವರು ಮರೆತುಹೋದರು. 1854ರಲ್ಲಿ ಬರ್ಲಿನ್ನಿನ ರಾಜಸಂಗೀತ ಮಂಡಳಿಯವರು ಇದರ ಕರ್ತೃ ಯಾರೆಂದು ವಿಚಾರಿಸಿದಾಗ ಗ್ರೂಬರ್ ತಾವೇ ಲೇಖನಿ ಹಿಡಿದು ವೃತ್ತಾಂತ ಬರೆದು ತಿಳಿಸಬೇಕಾಯಿತು. ಮೋರ್ ಅಷ್ಟರಲ್ಲಿ ತೀರಿಕೊಂಡಿದ್ದರು. 1914ರ ಕ್ರಿಸ್ಮಸ್ ಇರುಳು ಯುದ್ಧದ ಕಂದಕಗಳಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಸೈನಿಕರು ಕೋವಿ ಬದಿಗಿಟ್ಟು ಹಾಡಿದ ಗೀತೆಗಳಲ್ಲಿ ಇದೂ ಒಂದು. ಇಂದು ಇದು ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿದೆ ಎನ್ನುತ್ತಾರೆ.

ನಮ್ಮ ಪೀಳಿಗೆಯವರ ಕಿವಿಯಲ್ಲಿ ಮಾತ್ರ ಇದು ನೆಲೆನಿಂತದ್ದು ಜಿಮ್ ರೀವ್ಸ್ ಕಂಠದಲ್ಲಿ. 1963ರ ಅವರ ಕ್ರಿಸ್ಮಸ್ ಗೀತೆಗಳ ಧ್ವನಿಮುದ್ರಿಕೆಯಲ್ಲಿ ಈ ಗೀತೆಯೂ ಇತ್ತು. ಮರುವರ್ಷವೇ ಆ ಗಾಯಕರು ವಿಮಾನ ಅಪಘಾತದಲ್ಲಿ ಮಡಿದರು. ಮೃದುವಾದ, ಎಲ್ಲೂ ಏದುಸಿರು ಕೇಳಿಸದ ಸ್ವರ ಅದು. ನಮ್ಮ ತಕ್ಕಡಿಯ ಒಂದು ತಟ್ಟೆಯಲ್ಲಿ ಅಂದು ಕುಳಿತಿದ್ದುದು ಈ ಸ್ವರವೇ.

ಇನ್ನು ಹಾಡು ಕೇಳಿದ ನೆಲದ ಮಾತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿತು. ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ರೈಲು ಮಾರ್ಗ ಕವಲೊಡೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುಬಂದದ್ದು ಇಲ್ಲಿನ ಯಂತ್ರಗಳಿಗೆ. ತಮಿಳು, ತೆಲುಗು, ಕನ್ನಡ ನಾಡಿನ ಬಡವರು, ಆಂಗ್ಲೋ ಇಂಡಿಯನ್ ಕುಟುಂಬಗಳು, ಎಲ್ಲರೂ ಇಲ್ಲಿ ನೆಲೆಯೂರಿದರು. ಛಾಂಪಿಯನ್ ರೀಫ್ಸ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ದೇವಾಲಯದಂತಹ ಪ್ರಾರ್ಥನಾಲಯಗಳು ಎದ್ದವು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಕಾವು. ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ನಿಂತು ಸಿಲಿಕೋಸಿಸ್ ಎಂಬ ಕಾಯಿಲೆಯಾಗುತ್ತಿತ್ತು. 1940ರ ದಶಕದಲ್ಲಿ ಇಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತ್ತು. ಚಿನ್ನ ಹೊರಬಂದಿತು, ಉಸಿರು ಒಳಗೇ ಉಳಿಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು. ತಂದೆ ಭೂಮಿಯೊಳಗೆ ಇಳಿಯುತ್ತಿದ್ದ ಹೊತ್ತಿಗೆ ಮಗ ಬೆಂಗಳೂರಿನ ರೈಲು ಹತ್ತುವಂತಾಯಿತು. ಆ ಸಂಜೆ ಹಾಡಲಿದ್ದ ತಂಡವೂ ಇಂತಹ ತರುಣ ತರುಣಿಯರದೇ. ಕತ್ತಲಾಗುವ ಮುನ್ನ ಮನೆ ಸೇರಲಾಗದ ಅವರಿಗೆ ಅಭ್ಯಾಸಕ್ಕೆಂದು ಬೇರೆ ವೇಳೆ ಎಲ್ಲಿಂದ ಬರಬೇಕು? ಬಂಗಾರಪೇಟೆ ದಾಟಿದೊಡನೆ ಬೋಗಿ ಸ್ವಲ್ಪ ತೆರವಾಗುತ್ತದೆ. ಅಲ್ಲಿಂದ ಕೋರಮಂಡಲ, ಊರ್ಗಾಂ, ಛಾಂಪಿಯನ್ ಎಂದು ನಿಲ್ದಾಣಗಳು ಕಳೆಯುವವರೆಗೆ ಹಾಡಿಕೊಂಡದ್ದೇ ಅಭ್ಯಾಸ ಎಂದು ಅವರು ನಗುತ್ತ ಹೇಳಿದರು.

ಗೋದಲಿಯ ಪಕ್ಕದಲ್ಲಿ ಅವರು ನಿಂತರು. ಕೀಬೋರ್ಡ್ ಇರಲಿಲ್ಲ, ಡ್ರಮ್ ಇರಲಿಲ್ಲ. ಮೋರ್ ಗುರುಗಳ ನೆನಪಿಗೆ ಒಂದು ಗಿಟಾರ್ ಮಾತ್ರ. ಮೊದಲ ಚರಣವನ್ನು ಹಾಡಲು ಅವರು ತಮ್ಮಲ್ಲಿ ಯಾರನ್ನೂ ಆರಿಸಿರಲಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದ ವೃದ್ಧರೊಬ್ಬರನ್ನು ಕೈಹಿಡಿದು ಕರೆತಂದರು. ಅವರು ಗಣಿಯೊಳಗೆ ದುಡಿದು ನಿವೃತ್ತರಾದವರು. ಒಂದು ಕಾಲದಲ್ಲಿ ಅದೇ ಗಾನವೃಂದದ ಪ್ರಮುಖ ಕಂಠ.

ಅವರು ಇಂಗ್ಲಿಷಿನಲ್ಲಿ ಆರಂಭಿಸಿದರು. ಸ್ವರ ಶುದ್ಧವಾಗಿಯೇ ಇತ್ತು. ಆದರೆ ಎರಡನೆಯ ಸಾಲಿನ ನಡುವೆ ಉಸಿರು ಸಾಲದಾಯಿತು. ಹಾಡು ನಿಂತಿತು. ನಾವೆಲ್ಲ ತಲೆ ತಗ್ಗಿಸಿದೆವು. ಆಗ ಗಿಟಾರ್ ನುಡಿಸುತ್ತಿದ್ದ ಹುಡುಗ ಮಾಡಿದ್ದನ್ನು ನಾವು ಮರೆಯಲಾರೆವು. ಅವನು ಮುಂದೆ ಹೋಗಲಿಲ್ಲ, ಬರಿದಾದ ಜಾಗವನ್ನು ನುಡಿಸಾಣಿಕೆಯಿಂದ ತುಂಬಲೂ ಇಲ್ಲ. ತಂತಿಯ ಮೇಲೆ ಅಂಗೈಯಿಟ್ಟು ಹಿರಿಯರ ಮುಖವನ್ನೇ ನೋಡುತ್ತ ಕಾದ. ಅವರು ಕೆಮ್ಮಿದರು, ಉಸಿರೆಳೆದುಕೊಂಡರು, ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಮತ್ತೆ ನಿಂತರು, ಹುಡುಗ ಮತ್ತೆ ಕಾದ. ಕೊನೆಯ ಸಾಲಿನಲ್ಲಿ ರಾಗ ಮೇಲಕ್ಕೇರುವಲ್ಲಿ ಹಿರಿಯರು ಕೈಯನ್ನಷ್ಟೇ ಎತ್ತಿದರು. ಆ ಸ್ವರವನ್ನು ತಂಡವೆಲ್ಲ ಒಂದಾಗಿ ಹಾಡಿತು. ಎರಡನೆಯ ಚರಣ ತಮಿಳಿನಲ್ಲಿ ಬಂತು, ಮೂರನೆಯದು ಕನ್ನಡದಲ್ಲಿ. ಹಿಂದಿನ ಸಾಲುಗಳಿಂದ ಯಾರ ಅಪ್ಪಣೆಗೂ ಕಾಯದೆ ಜನ ದನಿಗೂಡಿಸಿದರು. ಜಿಮ್ ರೀವ್ಸ್ ನಮಗೆ ನೆನಪಾದದ್ದು ಮನೆಗೆ ಮರಳಿದ ಮೇಲೆ.

ಧ್ವನಿಮುದ್ರಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಅದರ ದೋಷರಾಹಿತ್ಯವೇ ಅದರ ಮಿತಿ. ಎದುರಿಗೆ ಹಾಡುವವರಲ್ಲಾದರೋ ಒಬ್ಬರ ಉಸಿರಿಗಾಗಿ ಮತ್ತೊಬ್ಬರು ನಿಲ್ಲಬಲ್ಲರು. ಉಪ್ಪಿನ ದೋಣಿ ನಿಂತ ಊರಿನಲ್ಲಿ ಹುಟ್ಟಿದ ಗೀತೆ, ಚಿನ್ನದ ಗಣಿ ನಿಂತ ಊರಿನಲ್ಲಿ ಅಷ್ಟೊಂದು ಸಹಜವಾಗಿ ಕೇಳಿಸಿದ್ದಕ್ಕೆ ಇದೇ ಕಾರಣವಿದ್ದೀತು. ಮೋರ್ ಮತ್ತು ಗ್ರೂಬರ್ ಹಾಡಿದ ದೇವಾಲಯ ನದಿಯ ನೆರೆಗಳಿಂದ ಜೀರ್ಣವಾಗಿ ಕಳೆದ ಶತಮಾನದ ಆದಿಯಲ್ಲೇ ಇಲ್ಲವಾಯಿತು. ಆ ಜಾಗದಲ್ಲಿ ಇಂದು ಇರುವುದು 1937ರಲ್ಲಿ ಪೂರ್ಣಗೊಂಡ ಪುಟ್ಟ ಪ್ರಾರ್ಥನಾಮಂದಿರ. ಹಾಡು ಮಾತ್ರ ಬಾಯಿಂದ ಬಾಯಿಗೆ ಬಂದು ಬದುಕಿದೆ.

ನಮ್ಮ ಧರ್ಮಕೇಂದ್ರಗಳ ಗಾನವೃಂದಗಳು ವರ್ಷ ವರ್ಷಕ್ಕೂ ಹೊಸ ವಾದ್ಯಗಳನ್ನು ಕೊಳ್ಳುತ್ತಿವೆ; ಸಂತೋಷವೇ. ಬರುವ ಕ್ರಿಸ್ತಜಯಂತಿಗೆ ಒಂದೇ ಒಂದು ಚರಣವನ್ನಾದರೂ ತಮ್ಮೂರಿನ ಹಿರಿಯ ಕಂಠವೊಂದಕ್ಕೆ ಮೀಸಲಿಡಲಿ. ಅವರ ಉಸಿರು ಎಷ್ಟು ಬೇಡುತ್ತದೆಯೋ ಅಷ್ಟು ಹೊತ್ತು ಕಾಯಲಿ.