ಚಳಿಗಾಲದಲ್ಲಿ ನೀಲಿ ಗೇಜ್ ಹಾಕುವ ಮುನ್ನ

ಊರಲ್ಲಿ ಎ.ಸಿ. ಕೆಲಸ ಕಲಿತು ಸ್ವೀಡನ್‌ಗೆ ಬಂದ ನಮ್ಮವರಿಗೆ ಇಲ್ಲಿ ಸಿಗೋದು ಹೆಚ್ಚಾಗಿ ಹೀಟ್ ಪಂಪ್ ಕೆಲಸ. ಹೊರಗಿನ ಯೂನಿಟ್ ನೋಡಿದರೆ ಅದೇ ಸ್ಪ್ಲಿಟ್ ಎ.ಸಿ. ಪೈಪೂ ಅದೇ, ವಾಲ್ವೂ ಅದೇ. ನಾನು ಮೋಸ ಹೋಗಿದ್ದು ಅಲ್ಲೇ.

ಇಲ್ಲಿ ನನ್ನ ಮೊದಲ ಜನವರಿ. ಮನೆ ಬೆಚ್ಚಗಾಗ್ತಿಲ್ಲ ಅಂತ ಕರೆ ಬಂತು. ಅಭ್ಯಾಸದಂತೆ ದಪ್ಪ ಪೈಪಿನ ಪೋರ್ಟಿಗೆ ನೀಲಿ ಹೋಸ್ ಸಿಕ್ಕಿಸಿದೆ. ಮುಳ್ಳು 400 ಪಿಎಸ್‌ಐ ಹತ್ತಿರ ಹೋಯ್ತು. ಆರ್-410ಎ ಗ್ಯಾಸಿಗೆ ಊರಲ್ಲಿ ಆ ಜಾಗದಲ್ಲಿ 120ರ ಆಸುಪಾಸು ನೋಡಿದವನು ನಾನು. ‘ಗ್ಯಾಸ್ ಜಾಸ್ತಿಯಾಗಿದೆ, ಸ್ವಲ್ಪ ಬಿಡೋಣ’ ಅಂತ ಹಳದಿ ಹೋಸಿಗೆ ಕೈ ಹಾಕಿದೆ. ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಕೈ ಹಿಡಿದು ನಿಲ್ಲಿಸಿದರು.

ವಿಷಯ ಇಷ್ಟೇ: ಮನೆ ಬಿಸಿ ಮಾಡುವಾಗ ರಿವರ್ಸಿಂಗ್ ವಾಲ್ವ್ ತಿರುಗಿ, ಕಂಪ್ರೆಸರ್‌ನಿಂದ ಹೊರಟ ಬಿಸಿ ಗ್ಯಾಸ್ ಅದೇ ದಪ್ಪ ಪೈಪಲ್ಲಿ ಒಳಗೆ ಹೋಗುತ್ತೆ. ಬೇಸಿಗೆಯಲ್ಲಿ ಲೋ ಸೈಡ್ ಆಗಿದ್ದ ಪೋರ್ಟ್ ಈಗ ಹೈ ಸೈಡ್. ಒಳಗಿನ ಕಾಯಿಲ್ 40 ಡಿಗ್ರಿ ಚಿಲ್ಲರೆಗೆ ಗ್ಯಾಸನ್ನು ದ್ರವ ಮಾಡ್ತಿದ್ದರೆ 350 ಆಸುಪಾಸು ಇರಲೇಬೇಕು. ಆದ್ದರಿಂದ ಹೋಸ್ ಹಾಕುವ ಮುಂಚೆ ಮಿಷಿನ್ ಯಾವ ಮೋಡಲ್ಲಿದೆ ನೋಡಿ. ಹಳೇ ಆರ್-22 ಗೇಜ್ ತಂದಿದ್ದರೆ ಅದು ಬ್ಯಾಗಲ್ಲೇ ಇರಲಿ.

ಆಫ್ ಆಗಿರುವ ಮಿಷಿನ್‌ನ ಪ್ರೆಶರನ್ನೂ ನಂಬಬೇಡಿ. ಒಳಗೆ ಸ್ವಲ್ಪ ದ್ರವ ಉಳಿದಿರುವ ತನಕ ಅದು ಹೇಳೋದು ಚಳಿ ಎಷ್ಟಿದೆ ಅಂತ, ಗ್ಯಾಸ್ ಎಷ್ಟಿದೆ ಅಂತಲ್ಲ. 410ಎ ಬೆಂಗಳೂರಿನ 30 ಡಿಗ್ರಿಯಲ್ಲಿ ಸುಮಾರು 260 ತೋರಿಸಿದರೆ, ಇಲ್ಲಿನ ಮೈನಸ್ 10ಕ್ಕೆ 70ರ ಹತ್ತಿರ. (ಇಲ್ಲಿನ ಗೇಜು ಬಾರ್ ಲೆಕ್ಕ, 1 ಬಾರ್ ಅಂದ್ರೆ 14.5 ಪಿಎಸ್‌ಐ.) ಅನುಮಾನ ಬಂದರೆ ಗ್ಯಾಸನ್ನೆಲ್ಲ ರಿಕವರಿ ಸಿಲಿಂಡರಿಗೆ ಎಳೆದು, ವ್ಯಾಕ್ಯೂಮ್ ಮಾಡಿ, ಯೂನಿಟ್ ಮೇಲಿನ ಲೇಬಲ್ ನೋಡಿ ತಕ್ಕಡಿಯಲ್ಲಿ ತೂಗಿ ತುಂಬೋದೇ ಸರಿ.

ಗಾಳಿಗೆ ಬಿಟ್ಟಿದ್ದರೆ? 410ಎ ಒಂದು ಕಿಲೋ ಅಂದ್ರೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಬೇಕಂತಲೇ ಬಿಡೋದನ್ನ ಯುರೋಪಿನ ಎಫ್-ಗ್ಯಾಸ್ ಕಾನೂನು ನಿಷೇಧಿಸಿದೆ. ಅದರ ಹೊಸ ರೂಪ 2024ರ ಮಾರ್ಚ್ 11ರಿಂದ ಜಾರಿಯಲ್ಲಿದೆ. ಊರಿನ ಐಟಿಐ ಸರ್ಟಿಫಿಕೇಟ್ ಇಲ್ಲಿ ಸಾಲದು. ಇಲ್ಲಿನದು ಕೈಗೆ ಬರುವ ತನಕ, ಅದಿರುವವರ ಉಸ್ತುವಾರಿಯಲ್ಲಿ ಮಾತ್ರ ಗ್ಯಾಸ್ ಲೈನ್ ಮುಟ್ಟಿ. ನನ್ನ ಕೈ ಹಿಡಿದವರು ಅಂಥವರೇ.

ಆ ಮನೆಯಲ್ಲಿ ಕೊನೆಗೆ ಸಿಕ್ಕಿದ್ದು ಒಳಗಿನ ಯೂನಿಟ್‌ನ ಫಿಲ್ಟರ್ ತುಂಬ ನಾಯಿ ಕೂದಲು. ತೊಳೆದು ಹಾಕಿದ ಮೇಲೆ ಮುಳ್ಳು 340ಕ್ಕೆ ಇಳಿದು ನಿಂತಿತು.