ಅರ್ಧ ವೇಗದಲ್ಲೇ ದೊಡ್ಡ ಅಲೆ

ಫ್ಲೋರಿಡಾದ ನದಿ, ಕಾಲುವೆಗಳಲ್ಲಿ ‘ಅಲೆ ಎಬ್ಬಿಸಬೇಡಿ’ ಎಂಬ ಫಲಕಗಳಿವೆ. ಹಲವು ಕಡೆ ಗಂಟೆಗೆ ಇಷ್ಟು ಮೈಲಿ ಎಂಬ ಅಂಕಿಯೇ ಇರುವುದಿಲ್ಲ. ಕಾನೂನು ಜಾರಿಕೊಂಡಿತು ಅನ್ನಿಸಬಹುದು. ಆದರೆ ದಡ ಕೊರೆಯುವುದು ದೋಣಿ ಹಿಂದೆ ಬಿಟ್ಟುಹೋಗುವ ಅಲೆ ತಾನೆ? ಮೋಟಾರು ದೋಣಿ ಪೂರ್ತಿ ವೇಗದಲ್ಲಿ ನೀರಿನ ಮೇಲ್ಮೈ ಮೇಲೆ ಜಾರುತ್ತದೆ. ತೀರಾ ನಿಧಾನವಾದಾಗ ನೀರಲ್ಲಿ ಸಮನಾಗಿ ಕೂರುತ್ತದೆ. ಇವೆರಡರ ನಡುವೆ, ಮೂತಿ ಮೇಲೆತ್ತಿ ಹಿಂಭಾಗ ಇಳಿಸಿಕೊಂಡು ಸಾಗುವಾಗಲೇ ಅತಿ ದೊಡ್ಡ ಅಲೆ ಏಳುವುದು. ‘ಸ್ವಲ್ಪ ನಿಧಾನ ಮಾಡಿದೆನಲ್ಲ’ ಎನ್ನುವವರೇ ದಡದಲ್ಲಿ ಕಟ್ಟಿದ ದೋಣಿಗಳನ್ನು ಹೆಚ್ಚು ಕುಲುಕಿಸುತ್ತಾರೆ. ಭಾರದ ದೋಣಿಗೂ ಹಗುರ ದೋಣಿಗೂ ಒಂದೇ ಅಂಕಿ ಹೊಂದುವುದೂ ಇಲ್ಲ.

ಹಾಗಾದರೆ ಪೂರ್ತಿ ವೇಗದಲ್ಲೇ ಹೋದರಾಯಿತಲ್ಲ? ಅಲ್ಲಿ ಮ್ಯಾನಟಿ ಎಂಬ ಕಡಲಹಸುವಿದೆ. ಉಸಿರಿಗಾಗಿ ಮೇಲೆ ಬರಲೇಬೇಕಾದ, ನಿಧಾನಕ್ಕೆ ಈಜುವ ಪ್ರಾಣಿ. ವೇಗದ ದೋಣಿಯಿಂದ ತಪ್ಪಿಸಿಕೊಳ್ಳಲು ಅದಕ್ಕೆ ಸಮಯ ಸಿಗುವುದಿಲ್ಲ. ಗಾಳಿಯೂ ಅಲೆ ಎಬ್ಬಿಸುತ್ತದೆ, ದೋಣಿಯನ್ನೇ ಏಕೆ ದೂರಬೇಕು ಎಂಬ ವಾದ ವಿಶಾಲ ನೀರಿಗೆ ಸರಿ, ಕಿರಿದಾದ ಕಾಲುವೆಗೆ ಅಷ್ಟಾಗಿ ಅಲ್ಲ. ಅಂಕಿಯೇ ಇಲ್ಲದಿದ್ದರೆ ಎಲ್ಲವೂ ಅಧಿಕಾರಿಯ ಮರ್ಜಿಗೆ ಬಿಟ್ಟಂತಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದಕ್ಕೇ ನಿಯಮ ಬಿಡಿಸಿ ಹೇಳುತ್ತದೆ: ಅಲೆ ನಿಷೇಧದ ಜಾಗದಲ್ಲಿ ದಿಕ್ಕಿನ ಹಿಡಿತ ತಪ್ಪದಷ್ಟು ಕನಿಷ್ಠ ವೇಗ ಮಾತ್ರ, ‘ನಿಧಾನ’ ಎಂದಿದ್ದಲ್ಲಿ ದೋಣಿ ಪೂರ್ತಿ ನೀರಲ್ಲಿ ಕೂತಿರಬೇಕು. ಮೂತಿ ಎತ್ತಿದೆಯೋ ಇಲ್ಲವೋ ದಡದಲ್ಲಿ ನಿಂತವರಿಗೇ ಕಾಣುತ್ತದೆ, ಸ್ಪೀಡ್ ಗನ್ ಬೇಕಿಲ್ಲ.