ಹಾಲಿನ ಶ್ರುತಿ ಹಿಡಿಯುವ ಬೆಳಕು

‘ಫೋನಿಗೆ ಸಿಕ್ಕಿಸುವ ಸಾಧನವೊಂದು ಬಂದಿದೆಯಂತೆ. ಹಾಲಿನ ಮೇಲೆ ಬೆಳಕು ಬಿಟ್ಟರೆ ಯೂರಿಯಾ ಇದೆಯೋ ಇಲ್ಲವೋ ಹೇಳುತ್ತದಂತೆ. ಕೊಳ್ಳಬಹುದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಕೊಳ್ಳುವ ಮೊದಲು ಆ ಬೆಳಕು ಹಾಲಿನಲ್ಲಿ ಏನನ್ನು ಹುಡುಕುತ್ತದೆಂದು ತಿಳಿಯೋಣ.

ಊರ ಡೇರಿಗೆ ಹಾಲು ಹಾಕಿದವರಿಗೆಲ್ಲ ಲ್ಯಾಕ್ಟೋಮೀಟರ್ ಗೊತ್ತು. ನೀರು ಬೆರೆತರೆ ಡಿಗ್ರಿ ಬೀಳುತ್ತದೆ. ಆದರೆ ಅದಕ್ಕೆ ತಿಳಿಯುವುದು ಸಾಂದ್ರತೆ ಒಂದೇ. ನೀರಿನ ಜೊತೆ ಸಕ್ಕರೆಯನ್ನೋ ಉಪ್ಪನ್ನೋ ಯೂರಿಯಾವನ್ನೋ ಕರಗಿಸಿದರೆ ಡಿಗ್ರಿ ಮತ್ತೆ ಏರಿಬಿಡುತ್ತದೆ. ದೊಡ್ಡ ಪ್ರಯೋಗಾಲಯಗಳೂ ಇದೇ ಬಗೆಯಲ್ಲಿ ಮೋಸಹೋಗಿವೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಅಳೆಯುವುದು ನೈಟ್ರೋಜನ್ನನ್ನು. ಅದನ್ನು 6.38ರಿಂದ ಗುಣಿಸಿ, ಹಾಲಿನ ಪ್ರೋಟೀನ್ ಇಷ್ಟು ಎನ್ನುತ್ತಾರೆ. ತಟ್ಟೆ, ಲೋಟದ ಪ್ಲಾಸ್ಟಿಕ್ಕಿಗೆ ಬಳಸುವ ಮೆಲಮೈನ್‌ನ ತೂಕದಲ್ಲಿ ಮೂರನೇ ಎರಡು ಪಾಲು ನೈಟ್ರೋಜನ್ನೇ. ಚೀನಾದಲ್ಲಿ ಅದನ್ನು ನೀರು ಬೆರೆಸಿದ ಹಾಲಿಗೆ ಹಾಕಿದರು. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. 2008ರಲ್ಲಿ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ ಆರು ಹಸುಳೆಗಳು ಸತ್ತವು. ನೈಟ್ರೋಜನ್ ಎಷ್ಟಿದೆ ಎಂದು ಕೇಳಿದ್ದರೇ ಹೊರತು, ಯಾವ ಅಣುವಿನಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಕೇಳುವುದೇ ರೋಹಿತ ವಿಜ್ಞಾನ, ಅಂದರೆ ಸ್ಪೆಕ್ಟ್ರೋಸ್ಕೋಪಿ. ಗೋಡೆಗೆ ಒರಗಿಸಿಟ್ಟ ತಂಬೂರಿಯ ಎದುರು ಯಾರಾದರೂ ಷಡ್ಜ ಹಿಡಿದು ಹಾಡಲಿ, ಯಾರೂ ಮೀಟದಿದ್ದರೂ ಷಡ್ಜದ ತಂತಿ ಸಣ್ಣಗೆ ಮಿಡಿಯುತ್ತದೆ. ತನ್ನ ಶ್ರುತಿಗೆ ಹೊಂದಿದ ದನಿಯಿಂದ ಅದು ಶಕ್ತಿ ಹೀರಿಕೊಳ್ಳುತ್ತದೆ. ಅಣುವಿನೊಳಗಿನ ಬಂಧಗಳೂ ಇಂಥ ತಂತಿಗಳೇ. ತಂತಿ ದಪ್ಪವಾದಷ್ಟೂ ಸ್ವರ ಮಂದ್ರ, ಬಿರಡೆ ಬಿಗಿದಷ್ಟೂ ತಾರ. ಹಾಗೆಯೇ ಪರಮಾಣುಗಳು ಭಾರವಾದರೆ ಮಿಡಿತ ನಿಧಾನ, ಬಂಧ ಬಿಗಿಯಾದರೆ ಚುರುಕು. ಇಲ್ಲಿ ಹಾಡುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಹಾಲನ್ನು ದಾಟಿ ಬಂದ ಬೆಳಕಿನಲ್ಲಿ ಯಾವ ಸ್ವರ ಕುಗ್ಗಿದೆ ಎಂದು ನೋಡಿದರೆ, ಒಳಗೆ ಯಾವ ತಂತಿ ಮಿಡಿಯಿತೆಂದು ತಿಳಿಯುತ್ತದೆ. ಹಾಲಿನ ಕೊಬ್ಬಿನ ಸ್ವರ ಸುಮಾರು 5.7 ಮೈಕ್ರಾನ್ ತರಂಗಾಂತರದಲ್ಲಿದೆ, ಪ್ರೋಟೀನಿನದು 6.5ರಲ್ಲಿ, ಲ್ಯಾಕ್ಟೋಸಿನದು 9.6ರಲ್ಲಿ. ಇಂಗ್ಲೆಂಡಿನ ವಿಜ್ಞಾನಿ ಗೌಲ್ಡನ್ 1960ರ ದಶಕದಲ್ಲೇ ಈ ಮೂರನ್ನು ಹಿಡಿದು ಹಾಲು ಅಳೆದರು. ಇಂದಿನ ದೊಡ್ಡ ಡೇರಿಗಳ ಯಂತ್ರಗಳು ಅದೇ ದಾರಿಯಲ್ಲಿ ಬೆಳೆದು, ಈಗ ಇಡೀ ರೋಹಿತವನ್ನೇ ಓದುತ್ತವೆ.

ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇರುವುದು ಒಂದು ತೊಡಕು. ಅವಗೆಂಪು ಬೆಳಕನ್ನು ನೀರು ಗಟಗಟನೆ ಕುಡಿದುಬಿಡುತ್ತದೆ. ನೆರವಿಗೆ ಬರುವುದು ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮ. ವಸ್ತುವಿಗೆ ತಾಗಿ ಚದುರುವ ಬೆಳಕಿನಲ್ಲಿ ಕೋಟಿಗೊಂದರಂತೆ ಕೆಲವು ಕಣಗಳು ಬಣ್ಣ ಬದಲಿಸಿಕೊಂಡು ಬರುತ್ತವೆ. ಅವು ಕಳೆದುಕೊಂಡ ಶಕ್ತಿಯೇ ಬಂಧದ ಸ್ವರ. ಈ ವಿದ್ಯೆಯಲ್ಲಿ ನೀರಿನ ದನಿ ತೀರ ಕ್ಷೀಣ. ಹಾಲಿನ ಪುಡಿಯಲ್ಲಿ ಮೆಲಮೈನ್ ಇದ್ದರೆ, ಅದರ ಅಣುವಿನ ಉಂಗುರವಿಡೀ ಹಿಗ್ಗಿ ಕುಗ್ಗುವ ಸ್ವರ, ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ, 676ನೇ ಗೆರೆಯ ಬಳಿ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ.

ಯೂರಿಯಾ ಅಷ್ಟು ಸುಲಭಕ್ಕೆ ಸಿಕ್ಕದು. ಅದರ ಮುಖ್ಯ ಗೆರೆ 1000ದ ಆಸುಪಾಸಿನಲ್ಲಿ. ಹಾಲಿನ ಪ್ರೋಟೀನಿನಲ್ಲೇ ಇರುವ ಫಿನೈಲ್‌ಅಲನಿನ್ ಕೂಡ ಅಲ್ಲಿಯೇ ಹಾಡುತ್ತದೆ! ಸಾಲದ್ದಕ್ಕೆ ಹಸುವಿನ ಹಾಲಿನಲ್ಲಿ ಸಹಜವಾಗಿಯೇ ಯೂರಿಯಾ ಇರುತ್ತದೆ. 100 ಮಿಲಿಲೀಟರಿಗೆ 70 ಮಿಲಿಗ್ರಾಂವರೆಗೆ ನಮ್ಮ ಆಹಾರ ನಿಯಮವೇ ಒಪ್ಪುತ್ತದೆ. ಹಾಗಾಗಿ ‘ಯೂರಿಯಾ ಇದೆ’ ಎಂದಷ್ಟೇ ಹೇಳುವ ಸಾಧನ ಏನನ್ನೂ ಹೇಳಿದಂತಾಗಲಿಲ್ಲ.

ಫೋನಿನ ಸಾಧನಗಳ ಬಗ್ಗೆ ನನ್ನ ಅನುಮಾನ ಇಲ್ಲಿಂದಲೇ. ಅವು ಬಳಸುವುದು ಕೆಂಪಿಗೆ ಹತ್ತಿರದ ಅವಗೆಂಪು. ಅಲ್ಲಿ ಮೂಲ ಸ್ವರಗಳು ಕೇಳುವುದಿಲ್ಲ; ಮೇಲಿನ ಸ್ಥಾಯಿಯ ಮಸುಕಾದ ಮಾರ್ದನಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅದನ್ನು ಬಿಡಿಸಲು ಕಂಪ್ಯೂಟರಿಗೆ ಸಾವಿರಾರು ಶುದ್ಧ ಹಾಲುಗಳ ಪರಿಚಯವಾಗಿರಬೇಕು. ಎಮ್ಮೆಯದು, ಎಚ್‌ಎಫ್, ಜರ್ಸಿಯದು, ಹಳ್ಳಿಕಾರ್, ಮಲೆನಾಡು ಗಿಡ್ಡದ್ದು, ಈದ ಹೊಸದರದ್ದು, ಹಸಿರು ಮೇವಿನ ಕಾಲದ್ದು. ಒಂದೇ ಡೇರಿಯ ಹಾಲಿಗೆ ಯೂರಿಯಾ ಬೆರೆಸಿ ಕಲಿಸಿದ ಯಂತ್ರ ಆ ಡೇರಿಯ ಹಾಲಿಗಷ್ಟೇ ಸರಿ.

ಲೆಕ್ಕವೂ ಒಂದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಸುರಕ್ಷಿತವಲ್ಲದ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ನೂರಕ್ಕೆ ಐದು ಸಲ ತಪ್ಪು ಹೇಳುವ ಸಾಧನ ನಿಮ್ಮ ಕೈಯಲ್ಲಿದ್ದರೆ, ಅಷ್ಟೇ ಮಾದರಿಗಳಲ್ಲಿ ಸುಮಾರು 320 ಪ್ರಾಮಾಣಿಕರ ಹಾಲನ್ನು ಅದು ಕಲಬೆರಕೆ ಎಂದು ಕೂಗುತ್ತದೆ. ಅದೇ ಸಮೀಕ್ಷೆಯಲ್ಲಿ ಆ ಕಲಬೆರಕೆಗಿಂತ ಹೆಚ್ಚಾಗಿ ಸಿಕ್ಕಿದ್ದು ಬೂಸ್ಟು ಹಿಡಿದ ಹಿಂಡಿ, ಮೇವಿನಿಂದ ಬರುವ ಆಫ್ಲಟಾಕ್ಸಿನ್. ಕಿಲೋಗ್ರಾಮಿಗೆ ಅರ್ಧ ಮೈಕ್ರೋಗ್ರಾಂ ಅದರ ಮಿತಿ. ಅಷ್ಟು ಮೆಲುದನಿಯನ್ನು ಬೆಳಕು ಬಿಟ್ಟು ನೋಡುವ ಇಂಥ ಅಂಗೈಯಗಲದ ಸಾಧನ ಹಾಲಿನಲ್ಲಿ ನೇರವಾಗಿ ಕೇಳಲಾರದು.

ಸಾವಿರಾರು ಲೀಟರ್ ಹಾಲು ಬಂದು ಸೇರುವ ಡೇರಿಯಲ್ಲಿ ರೋಹಿತ ವಿಜ್ಞಾನಕ್ಕೆ ಸಮನಾದದ್ದು ಕಡಿಮೆ. ಅಲ್ಲಿ ಅನುಮಾನದ ಕ್ಯಾನನ್ನು ಬೇರೆ ಇಟ್ಟು ಇನ್ನೊಂದು ಪರೀಕ್ಷೆ ಮಾಡಬಹುದು. ಮನೆಗೆ ಕೊಳ್ಳಬೇಡಿ. ಹಾಲಿನ ಬಗ್ಗೆ ನಿಜವಾದ ಶಂಕೆ ಇದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ನಿಮಗೊಂದು ಹಕ್ಕು ಕೊಟ್ಟಿದೆ: ಶುಲ್ಕ ಕಟ್ಟಿ ಮಾದರಿಯನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ದೋಷ ಸಾಬೀತಾದರೆ ಕಟ್ಟಿದ ಹಣ ವಾಪಸು ಬರುತ್ತದೆ.